ಹದಿನಾಲ್ಕನೇ ಸಾಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದು ನನ್ನ ಮಾತಲ್ಲ, ಮಧುಗಿರಿಯಲ್ಲಿ ನಮ್ಮ ಶೆಡ್ಡಿನ ಅಕ್ಕಪಕ್ಕ ಯಾರನ್ನು ಕೇಳಿದರೂ ಹೇಳುತ್ತಾರೆ. ಟಿಲ್ಲರು, ಕಳೆ ಹೊಡೆಯುವ ಮಿಷನ್ನು, ಔಷಧಿ ಸಿಂಪಡಿಸುವ ಪಂಪು, ಇಂಥವುಗಳ ರಿಪೇರಿ ನನ್ನ ಕಸುಬು. ಶೆಡ್ಡು ನಮ್ಮಪ್ಪ ಮಲ್ಲಿಕಾರ್ಜುನಯ್ಯನವರ ಕಾಲದ್ದು. ನಾಗಭೂಷಣ್ ಮುಟ್ಟಿದ ಇಂಜಿನ್ನು ಅದೇ ಕಾಯಿಲೆಗೆ ಎರಡನೇ ಸಲ ವಾಪಸ್ ಬರುವುದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದವನು ನಾನು. ಈಗ ಹೇಳುವುದಿಲ್ಲ.

ಹೋದ ವರ್ಷ ಆಷಾಢದಲ್ಲಿ ಪಾವಗಡದ ಕಡೆಯಿಂದ ಒಂದು ಫೋನು ಬಂತು. ರಾಯಚರ್ಲು ಹತ್ತಿರ ಸೋಲಾರ್ ಪ್ಲೇಟುಗಳ ನಡುವೆ ಹುಲ್ಲು ಕತ್ತರಿಸುವ ಗುತ್ತಿಗೆ ಹಿಡಿದ ಒಂದು ಸಣ್ಣ ಕಂಪನಿ. ಅದರ ಸೂಪರ್‌ವೈಸರ್ ತೇಜಸ್ವಿನಿ ಎಂಬ ಹುಡುಗಿ. ಹುಲ್ಲು ಎತ್ತರಕ್ಕೆ ಬೆಳೆದರೆ ಪ್ಲೇಟಿನ ಮೇಲೆ ನೆರಳು ಬೀಳುತ್ತದೆ, ನೆರಳು ಬಿದ್ದರೆ ಕರೆಂಟು ಕಮ್ಮಿ. ಅದಕ್ಕೆ ಅವರ ಹತ್ತಿರ ಮೇಲೆ ಕುಳಿತು ಓಡಿಸುವ ಒಂದು ಹುಲ್ಲು ಕತ್ತರಿಸುವ ಮಿಷನ್ನಿತ್ತು. ನೋಡಲು ಮರಿ ಟ್ರ್ಯಾಕ್ಟರು, ಹೊಟ್ಟೆಯ ಕೆಳಗೆ ಬ್ಲೇಡು. ಊರವರು ಅದಕ್ಕೆ ಹುಲ್ಲಿನ ಗಾಡಿ ಎನ್ನುತ್ತಿದ್ದರು. ಅದು ನಿಂತುಹೋಗಿದೆ, ಬರುತ್ತೀರಾ ಎಂದಳು. ಮಿಡಿಗೇಶಿ ದಾಟಿ, ಪಾವಗಡ ದಾಟಿ, ಬೈಕಿನಲ್ಲಿ ಎರಡು ಗಂಟೆ ದಾರಿ. ಹೋದೆ.

ಸತ್ತಿದ್ದು ಪೆಟ್ರೋಲ್ ಪಂಪು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಳಗೊಂದು ತೆಳ್ಳನೆಯ ರಬ್ಬರ್ ಹಾಳೆ ಬಡಿದುಕೊಂಡು ಟ್ಯಾಂಕಿನ ಪೆಟ್ರೋಲನ್ನು ಇಂಜಿನ್ನಿಗೆ ಎಳೆದು ಕೊಡುತ್ತದೆ. ಐದು ವರ್ಷದ ರಬ್ಬರು, ಬಿರುಕು ಬಿಟ್ಟಿತ್ತು, ಅದರಲ್ಲೇನೂ ಆಶ್ಚರ್ಯವಿರಲಿಲ್ಲ. ಹೊಸದು ಹಾಕಿ, ಮುಚ್ಚಳ ತೆಗೆದು ಪೆಟ್ರೋಲ್ ತುಂಬಿಸಿ ಕೀ ತಿರುಗಿಸಿದ್ದೇ ತಡ, ಇಂಜಿನ್ನು ಹಿಡಿಯಿತು. ಆಮೇಲೆ ಜೇಬಿನಿಂದ ವಿಭೂತಿ ತೆಗೆದು ನೀರಿನಲ್ಲಿ ನೆನೆಸಿ ಟ್ಯಾಂಕಿನ ಮುಚ್ಚಳದ ಮೇಲೆ ಮೂರು ಬೆರಳು ಎಳೆದೆ. ಯಾವ ಗಾಡಿಯೂ ಬೋಳು ಹಣೆಯಲ್ಲಿ ಹೋಗಬಾರದು ಎನ್ನುತ್ತಿದ್ದರು ಅಪ್ಪ. ಟ್ಯಾಂಕಿನ ಮುಚ್ಚಳವೇ ಗಾಡಿಯ ಹಣೆ ಎಂಬುದು ಅವರ ಲೆಕ್ಕ. ನಮ್ಮ ಶೆಡ್ಡಿನಿಂದ ಅದಿಲ್ಲದೆ ಒಂದು ಗಾಡಿಯೂ ಹೊರಟಿಲ್ಲ.

ಪಕ್ಕದಲ್ಲಿ ನಿಂತಿದ್ದ ಡ್ರೈವರು ಕೈಮುಗಿದ.

"ಅಯ್ನೋರ ಕೈಯಿಂದ ವಿಬೂತಿ ಬಿತ್ತಲ್ಲ, ಇನ್ನೇನ್ ಬುಡಿ. ನಮ್ ಗಾಡಿ ಗೆದ್ಕಂತು."

ಅವನು ಗಂಗಣ್ಣ. ಐವತ್ತೈದು ದಾಟಿದವನು, ಒಣಕಲು ಆಳು. ಮಿಷನ್ನಿನ ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿಕೊಂಡು ಕೂರುತ್ತಿದ್ದ. ಹುಟ್ಟಿದಾಗಿನಿಂದ ಅದೇ ಬಯಲಿನಲ್ಲಿ ಕುರಿ ಕಾಯುತ್ತಿದ್ದವನು. ಸುತ್ತಲಿನ ಹೊಲಗಳ ಜೊತೆ ಇವನ ನಾಲ್ಕು ಎಕರೆಯೂ ಸೋಲಾರಿಗೆ ಗುತ್ತಿಗೆ ಹೋಯಿತು, ಬೇಲಿ ಬಂತು. ಕುರಿಗಳನ್ನು ತಮ್ಮ ರಂಗರಾಜುವಿಗೆ ಒಪ್ಪಿಸಿ ಇವನು ಬೇಲಿಯೊಳಗೆ ಕೆಲಸಕ್ಕೆ ಸೇರಿಕೊಂಡ. ಮಿಷನ್ನು ತಿರುಗಿಸುವಾಗಲೂ ಕುರಿ ತಿರುಗಿಸುವ ಹಾಗೆಯೇ ನಾಲಗೆಯಲ್ಲಿ ಟ್ರುವ್ ಟ್ರುವ್ ಎನ್ನುತ್ತಿದ್ದ. ನನಗೆ ನಗು ಬರುತ್ತಿತ್ತು. ಹೊರಡುವಾಗ ಅವನಿಗೆ ಕಟ್ಟುನಿಟ್ಟಾಗಿ ಹೇಳಿದೆ: ಇನ್ನೊಮ್ಮೆ ಏನಾದರೂ ನಿಂತರೆ ಒಂದು ನಟ್ಟನ್ನೂ ಮುಟ್ಟಬೇಡ, ನನಗೆ ಫೋನ್ ಮಾಡು.

ಹದಿನೈದು ದಿನಕ್ಕೆ ಫೋನ್ ಬಂತು.

ಈ ಸಲ ಮಿಷನ್ನು ಗೇಟಿನ ಹತ್ತಿರ ಇರಲಿಲ್ಲ, ಒಳಗೆ ಪ್ಲೇಟುಗಳ ಹದಿನಾಲ್ಕನೇ ಸಾಲಿನಲ್ಲಿ ನಿಂತಿತ್ತು. ಗಂಗಣ್ಣ ಅದರಿಂದ ಹತ್ತು ಹೆಜ್ಜೆ ಆಚೆ ನೆಲದ ಮೇಲೆ ಕುಳಿತಿದ್ದ. ಅವನ ಮುಂದೆ ಒಂದು ಚಪ್ಪಟೆ ಕಲ್ಲು. ಕಲ್ಲಿನ ಸುತ್ತ ಹುಲ್ಲನ್ನು ಕುಡುಗೋಲಿನಲ್ಲಿ ಕೈಯಾರೆ ಕೊಯ್ದು ಓರಣ ಮಾಡಿದ್ದ. ನಾನು ಕೇಳುವ ಮೊದಲೇ ಅವನೇ ಹೇಳಿದ.

"ನಮ್ ಕೂಸು ಅಯ್ನೋರೆ. ರಕ್ಷಾ ಅಂತ. ಒಂಬತ್ತು ವರ್ಸ. ಜ್ವರ ಬಂತು, ಮೂರೇ ದಿನ."

ಅವರ ಮನೆಗಳಲ್ಲಿ ಸತ್ತವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಹೊಲ ಗುತ್ತಿಗೆಗೆ ಹೋಗುವ ಒಂದು ವರ್ಷ ಮುಂಚೆ ಆ ಮಗು ಹೋಗಿತ್ತು. ಬೇಲಿ ಬಂದ ಮೇಲೆ ಕಾರ್ಡು ಇಲ್ಲದವರನ್ನು ಗೇಟಿನಲ್ಲಿ ಬಿಡುವುದಿಲ್ಲ. ಹೆಂಡತಿ ರಂಗಕ್ಕ ಆ ಕಲ್ಲು ನೋಡಿ ಮೂರು ವರ್ಷವಾಗಿತ್ತಂತೆ.

"ಈ ಕಾರ್ಡು ಐತಲ್ಲ," ಎಂದು ಕೊರಳಲ್ಲಿ ನೇತಾಡುತ್ತಿದ್ದುದನ್ನು ಹಿಡಿದು ತೋರಿಸಿದ. "ಇದೊಂದಿದ್ರೆ ಒಳೀಕ್ ಬುಡ್ತಾರೆ. ಸಂಬ್ಳ ಅತ್ಲಾಗಿರ್ಲಿ. ವಾರಕ್ಕೊಂದ್ ಕಿತ ಇವ್ಳ್ ಪಕ್ಕದಾಗೇ ಹಾದೋಯ್ತೀನಿ. ಮನೇಗೋಗಿ ನೋಡ್ಕಂಡ್ ಬಂದೆ ಕಣೇ ಅಂತ ಅವ್ಳವ್ವಂಗೆ ಹೇಳ್ತೀನಿ. ಅಷ್ಟ್ ಸಾಕು."

ನನಗೂ ಮಕ್ಕಳಿದ್ದಾರೆ. ಸ್ಪ್ಯಾನರ್ ಹಿಡಿದು ಮಿಷನ್ನಿನ ಕಡೆ ತಿರುಗಿದೆ. ಪಂಪು ಬಿಚ್ಚಿ ನೋಡಿದರೆ ಹದಿನೈದು ದಿನದ ಹೊಸ ರಬ್ಬರು ಎಳೆದು ಎಳೆದು ಸೋತು ಜೋಲು ಬಿದ್ದಿತ್ತು. ಮಾಲು ಸರಿಯಿಲ್ಲ ಎಂದುಕೊಂಡು ಶಿರಾದಲ್ಲಿ ನಾನು ಸಾಮಾನು ತರುವ ಅಂಗಡಿಗೆ ಫೋನು ಮಾಡಿ ಬೈದೆ. "ಸಾಬ್, ನಂಬರ್ ಒನ್ ಮಾಲು, ಕಸಮ್ ಸೇ," ಎಂದು ಆಣೆ ಹಾಕಿದ ಅಂಗಡಿಯವನು. ಬೇರೆ ಹಾಕಿದೆ, ಪೆಟ್ರೋಲ್ ತುಂಬಿಸಿದೆ, ಓಡಿತು. ವಿಭೂತಿ ಎಳೆದೆ, ಬಂದೆ.

ಮೂರನೇ ಸಲ ಹತ್ತು ದಿನಕ್ಕೆ ನಿಂತಿತು. ಅದೇ ಪಂಪು. ಅದೇ ಹದಿನಾಲ್ಕನೇ ಸಾಲು. ಹಾಗೆಯೇ ಕಲ್ಲಿನ ಮುಂದೆ ಕುಳಿತ ಗಂಗಣ್ಣ. ಈ ಸಲ ಪಂಪಿಗೆ ಹೋಗುವ ಪೈಪುಗಳನ್ನೆಲ್ಲ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ, ಟ್ಯಾಂಕು ತೊಳೆದೆ. ಗಂಗಣ್ಣನ ಮನೆಯಲ್ಲಿ ಊಟ ಹಾಕಿದರು. ರಂಗಕ್ಕ ಮುದ್ದೆ ಮೇಲೆ ಬಸ್ಸಾರು ಬಿಡುತ್ತಾ, ತನ್ನ ಗಂಡ ಗಾಡಿಯನ್ನು ದಿನಾ ಎಮ್ಮೆ ಮೈ ತೊಳೆದ ಹಾಗೆ ತೊಳೆಯುತ್ತಾನೆ, ನೀವಿಟ್ಟ ವಿಭೂತಿಯ ಮೇಲೆ ಮಾತ್ರ ಒಂದು ಹನಿ ನೀರು ಬೀಳಿಸುವುದಿಲ್ಲ ಎಂದಳು. ನನಗೆ ಹೆಮ್ಮೆಯಾಯಿತು. ಈ ಕಾಲದಲ್ಲೂ ಇಂಥ ಭಕ್ತಿ ಇದೆಯಲ್ಲ ಎಂದುಕೊಂಡೆ.

ನಾಲ್ಕನೇ ಸಲ ನಿಂತಾಗ ನಾನು ಮನುಷ್ಯನಾಗಿ ಉಳಿದಿರಲಿಲ್ಲ.

ಬೈಕಿನಲ್ಲಿ ಹೋಗುತ್ತಾ ಇಡೀ ದಾರಿ ತಲೆಯೊಳಗೆ ಒಂದೇ ಲೆಕ್ಕ. ನನ್ನ ಕೆಲಸದಲ್ಲಿ ತಪ್ಪಿಲ್ಲ. ಪಂಪಿನಲ್ಲಿ ತಪ್ಪಿಲ್ಲ. ಹಾಗಾದರೆ ಯಾರೋ ಕೈ ಆಡಿಸುತ್ತಿದ್ದಾರೆ. ಗೇಟಿನಲ್ಲಿ ಬೈಕು ನಿಲ್ಲಿಸಿದರೆ ಮುಂದೆ ಕಂಡದ್ದು ರಂಗರಾಜುವಿನ ಕುರಿ ಮಂದೆ. ಪ್ಲೇಟುಗಳ ಕೆಳಗೆ ಹಾಯಾಗಿ ಮೇಯುತ್ತಿವೆ. ಮಿಷನ್ನು ಕೆಟ್ಟ ದಿನಗಳಲ್ಲಿ ಹುಲ್ಲು ಬೆಳೆಯದಿರಲಿ ಎಂದು ತೇಜಸ್ವಿನಿಯೇ ಕುರಿಗಳನ್ನು ಒಳಗೆ ಬಿಡಿಸುತ್ತಿದ್ದಳು. ಗಾಡಿ ನಿಂತರೆ ತಮ್ಮನ ಕುರಿಗೆ ಹೊಟ್ಟೆ ತುಂಬ ಮೇವು, ಅಣ್ಣನಿಗೆ ಮಗಳ ಪಕ್ಕ ಅರ್ಧ ದಿನ ಕೂರುವ ಅವಕಾಶ. ಇನ್ನೇನು ಬೇಕು? ಎರಡಕ್ಕೆ ಎರಡು ಸೇರಿಸಿ ನಾನು ನಾಲ್ಕಲ್ಲ, ನಲವತ್ತು ಮಾಡಿಕೊಂಡೆ.

ತೇಜಸ್ವಿನಿಯ ಎದುರಿಗೇ ಗಂಗಣ್ಣನನ್ನು ಕರೆಸಿ ನಿಲ್ಲಿಸಿ ಕೇಳಿದೆ.

"ಗೇಟಲ್ಲಿ ನಿಲ್ಲಲ್ಲ, ಇಪ್ಪತ್ತನೇ ಸಾಲಲ್ಲಿ ನಿಲ್ಲಲ್ಲ. ಪ್ರತಿ ಸಲ ಹದಿನಾಲ್ಕರಲ್ಲೇ ಯಾಕ್ ನಿಲ್ಲುತ್ತೆ ಗಂಗಣ್ಣ? ಬಾಯಿ ಬಿಟ್ಟು ಹೇಳು."

ಅವನು ತಲೆ ತಗ್ಗಿಸಿದ. ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಮುಖದಲ್ಲಿ ಒಂದು ಸಣ್ಣ ನಗು, ನಾಚಿಕೆಯ ಹಾಗೆ. ಆ ನಗು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

"ನೀನು ಪಂಪಿಗೆ ಏನೋ ಮಾಡ್ತಿದ್ದೀಯ. ಹೌದೋ ಅಲ್ವೋ?"

"ಮುಟ್ಟಬ್ಯಾಡ ಅಂದಿದ್ರಲ್ಲ ಅಯ್ನೋರೆ. ನಾನ್ ಮುಟ್ಟಿಲ್ಲ," ಎಂದ ಅಷ್ಟೇ.

ತೇಜಸ್ವಿನಿ ಒಂದು ಕಾಗದ ಕೊಟ್ಟು ನನ್ನ ಅಭಿಪ್ರಾಯವನ್ನು ಬರೆದುಕೊಡಿ ಎಂದಳು. ಬರೆದೆ. ಪಂಪು ತಾನಾಗಿ ಕೆಡುತ್ತಿಲ್ಲ, ಓಡಿಸುವವನು ಬೇಕೆಂದೇ ಕೆಡಿಸುತ್ತಿದ್ದಾನೆ, ಎಂದು ನನ್ನ ಚೆಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಸಂಜೆಯೊಳಗೆ ಅವನನ್ನು ಕೆಲಸದಿಂದ ತೆಗೆದರು. ಕೊರಳಿನ ಕಾರ್ಡನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಸೀಟಿನ ಮೇಲಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟವನು ನನ್ನ ಹತ್ತಿರ ಬಂದು ನಿಂತ. ಬೈಯುತ್ತಾನೆ ಎಂದುಕೊಂಡೆ.

"ಹೊಸ್ದಾಗ್ ಬರೋನಿಗೆ ಒಂದ್ ಮಾತ್ ಹೇಳ್ಬುಡಿ ಅಯ್ನೋರೆ. ಆ ಕಲ್ಲತ್ರ ಗಾಡಿ ಹತ್ತಿಸ್ಬ್ಯಾಡ ಅನ್ನಿ. ಕುಡ್ಲಾಗ್ ಕುಯ್ಲಿ."

ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಕಳ್ಳನ ಮಾತನ್ನು ಹೊತ್ತುಕೊಂಡು ತಿರುಗಲು ನಾನೇನು ಅವನ ಆಳೇ ಎಂದುಕೊಂಡೆ. ಹೊಸ ಪಂಪು ಹಾಕಿ, ವಿಭೂತಿ ಎಳೆದು, ಮಧುಗಿರಿಗೆ ಬಂದು ನೆಮ್ಮದಿಯಾಗಿ ಮಲಗಿದೆ.

ಹೊಸ ಡ್ರೈವರು ಚಿಕ್ಕರಾಜು ಎಂಬವನು, ಕೊರಟಗೆರೆ ಕಡೆಯವನು. ಅವನು ಬಂದ ಹನ್ನೆರಡನೇ ದಿನ ನಾನು ಅದೇ ಜಾಗಕ್ಕೆ ಹೋಗಿದ್ದೆ, ಅವರ ಕೈಯಲ್ಲಿ ಹಿಡಿಯುವ ಹುಲ್ಲಿನ ಮಿಷನ್ನುಗಳ ಸರ್ವೀಸಿಗೆ. ಕೆಲಸ ಮಾಡುತ್ತಿದ್ದ ಹಾಗೆಯೇ ದೂರದಲ್ಲಿ ಓಡುತ್ತಿದ್ದ ಗಾಡಿಯ ಸದ್ದು ಕೆಮ್ಮಿ ಕೆಮ್ಮಿ ನಿಂತುಹೋಯಿತು. ನಡೆದುಹೋದೆ. ಚಿಕ್ಕರಾಜು ನಿಂತಿದ್ದು ಹದಿನಾಲ್ಕನೇ ಸಾಲಿನಲ್ಲಿ.

ಅಷ್ಟೂ ಸಲ ನಾನು ಮಧುಗಿರಿಯಿಂದ ಬರುವಷ್ಟರಲ್ಲಿ ಮಿಷನ್ನು ನಿಂತು ಎರಡು ಮೂರು ಗಂಟೆಯಾಗಿ, ಟ್ಯಾಂಕು ಮೆಲ್ಲಗೆ ಗಾಳಿ ಎಳೆದುಕೊಂಡು ಸರಿಹೋಗಿರುತ್ತಿತ್ತು. ಈ ಸಲ ಐದು ನಿಮಿಷವೂ ಆಗಿರಲಿಲ್ಲ. ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಮುಚ್ಚಳ ತಿರುಗಿಸಿದೆ. ಸುಸ್ ಎಂದು ಗಾಳಿ ಒಳಗೆ ನುಗ್ಗಿತು. ಒಳಕ್ಕೆ ಸೊರಗಿದ್ದ ಪ್ಲಾಸ್ಟಿಕ್ ಟ್ಯಾಂಕು ಟಪ್ ಎಂದು ಉಬ್ಬಿತು. ಮುಚ್ಚಳ ಕೈಯಲ್ಲಿ ಹಿಡಿದು ನೋಡಿದೆ. ನಟ್ಟನಡುವೆ ಗುಂಡುಸೂಜಿ ತೂರುವಷ್ಟು ಒಂದು ತೂತು. ಟ್ಯಾಂಕಿನಿಂದ ಪೆಟ್ರೋಲು ಹೋದಷ್ಟೂ ಗಾಳಿ ಒಳಗೆ ಬರಲೆಂದು ಮಾಡಿದ ತೂತು. ಅದು ಬೆಳ್ಳಗೆ ಮುಚ್ಚಿಹೋಗಿತ್ತು. ಹಸಿ ವಿಭೂತಿ ಒಳಗಿಳಿದು, ಮೇಲೆ ಧೂಳು ಕೂತು, ಬಿಸಿಲಿಗೆ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು.

ಬೈಕಿನ ಮುಚ್ಚಳದಲ್ಲಿ ಆ ತೂತು ಬೀಗದ ಕೆಳಗೆ ಅಡಗಿರುತ್ತದೆ. ಟ್ರ್ಯಾಕ್ಟರಿನ ಮುಚ್ಚಳ ಅಂಚಿನಿಂದ ಉಸಿರಾಡುತ್ತದೆ. ಹಾಗಾಗಿ ನಲವತ್ತು ವರ್ಷ ನಮ್ಮ ಪದ್ಧತಿಯಿಂದ ಯಾರಿಗೂ ಏನೂ ಆಗಿರಲಿಲ್ಲ. ಈ ಗಾಡಿಯ ಹಣೆಯೇ ಅದರ ಮೂಗು ಎಂದು ನನಗೆ ಹೊಳೆಯಲಿಲ್ಲ. ಮೊದಲನೆಯ ಪಂಪು ವಯಸ್ಸಾಗಿ ಸತ್ತಿತ್ತು. ಆಮೇಲಿನ ನಾಲ್ಕನ್ನು ಕೊಂದವನು ನಾನು. ಹೊಸ ರಬ್ಬರು ಒಂದೆರಡು ವಾರ ಹೇಗೋ ತಡೆದುಕೊಳ್ಳುತ್ತಿತ್ತು. ಆಮೇಲೆ ವಾರದ ಸುತ್ತಿಗೆ ಬೆಳಗ್ಗೆ ಗೇಟಿನಲ್ಲಿ ಮುಚ್ಚಳ ತೆಗೆದು ಪೆಟ್ರೋಲ್ ತುಂಬಿಸಿಕೊಂಡು ಹೊರಟರೆ, ಗಾಳಿಯಿಲ್ಲದ ಟ್ಯಾಂಕಿನಿಂದ ನಲವತ್ತು ನಿಮಿಷ ಎಳೆದು ಪಂಪಿನ ರಬ್ಬರು ಕೈಚೆಲ್ಲುತ್ತಿತ್ತು. ಗೇಟಿನಿಂದ ಕತ್ತರಿಸುತ್ತಾ ಬಂದರೆ ನಲವತ್ತು ನಿಮಿಷಕ್ಕೆ ಹದಿನಾಲ್ಕನೇ ಸಾಲು. ಗಂಗಣ್ಣನಾದರೂ ಅಷ್ಟೇ, ಚಿಕ್ಕರಾಜುವಾದರೂ ಅಷ್ಟೇ, ದೇವೇಂದ್ರ ಬಂದು ಓಡಿಸಿದರೂ ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಅದನ್ನು ಸಹಿ ಮಾಡಿ ಬೇರೆ ಕೊಟ್ಟಿದ್ದೆ.

ಚಪ್ಪಟೆ ಕಲ್ಲು ಅದರ ಜಾಗದಲ್ಲಿ ಇರಲಿಲ್ಲ. ಚಕ್ರ ತಗುಲಿ ಮಗುಚಿಕೊಂಡು ಆಚೆ ಬಿದ್ದಿತ್ತು. ಎತ್ತಿ ತಂದು ಇಟ್ಟೆ. ಸರಿಯಾದ ಜಾಗ ಅದೇ ಹೌದೋ ಅಲ್ಲವೋ ತಿಳಿಯಲಿಲ್ಲ. ಅಲ್ಲೇ ಕುಳಿತು ಅತ್ತೆ. ಚಿಕ್ಕರಾಜು ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟ.

ತೇಜಸ್ವಿನಿಗೆ ಎಲ್ಲವನ್ನೂ ಹೇಳಿದೆ. ಅವಳ ಕಣ್ಣು ಕೆಂಪಾಯಿತು.

"ನಿಮ್ಮ ಮಾತು ನಂಬಿ ತಾನೇ ಸರ್ ಅವರನ್ನ ಕಳಿಸಿದ್ದು? ಅವತ್ತು ನೀವು ಎಷ್ಟು ಖಂಡಿತವಾಗಿ ಹೇಳಿದ್ರಿ!"

ತಪ್ಪೆಲ್ಲ ನನ್ನದೆಂದು ಇನ್ನೊಂದು ಕಾಗದ ಬರೆದುಕೊಟ್ಟೆ. ಅವಳು ಅದನ್ನು ಮೇಲಿನವರಿಗೆ ಕಳಿಸಿದಳು, ಎರಡು ಸಲ ಫೋನು ಮಾಡಿದಳು, ಮೂರನೇ ಸಲ ಬೈಸಿಕೊಂಡಳು. ಒಮ್ಮೆ ಕಾರ್ಡು ಹೋದವರನ್ನು ಮತ್ತೆ ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದು ಉತ್ತರ ಬಂತು. ಕೊನೆಗೆ ಅವಳೇ ಓಡಾಡಿ ಗಂಗಣ್ಣ ಮತ್ತು ರಂಗಕ್ಕ ಇಬ್ಬರಿಗೂ ಸೇರಿ ಒಂದು ದಿನದ ಪಾಸು ಮಾಡಿಸಿದಳು. ಬರುವ ಶನಿವಾರಕ್ಕೆ.

ಆ ಪಾಸು ಹಿಡಿದುಕೊಂಡು ಅವರ ಮನೆಗೆ ಹೋದೆ. ಬೆಳಗ್ಗೆ ಹತ್ತು ಗಂಟೆ. ಗಂಗಣ್ಣ ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡವನೇ ಎದ್ದು ಕಂಬಳಿ ಹಾಸಿದ. ಒಳಗಿನಿಂದ ರಂಗಕ್ಕ ನೀರು ತಂದಳು. ಅವರು ಎರಡು ಮಾತು ಬೈದಿದ್ದರೆ ಉಸಿರಾಡುತ್ತಿದ್ದೆ. ಪಾಸನ್ನು ಅವನ ಕೈಗಿಟ್ಟೆ. ಶನಿವಾರ ಇಬ್ಬರೂ ಹೋಗಬಹುದು ಎಂದೆ. ರಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು.

ಅಲ್ಲಿಗೆ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ನನಗೆ ನನ್ನ ಎದೆಯ ಭಾರ ಇಳಿಸಬೇಕಿತ್ತು.

"ಗಂಗಣ್ಣ, ತಪ್ಪು ನಂದು. ನಾನಿಟ್ಟ ವಿಭೂತಿ ಮುಚ್ಚಳದ ತೂತಿಗೆ ಕಟ್ಟಿಕೊಂಡಿತ್ತು. ಗಾಳಿ ಆಡದೆ ಪಂಪು ಸಾಯ್ತಿತ್ತು. ನೀನು ಏನೂ ಮಾಡಿರಲಿಲ್ಲ," ಎಂದೆ. ಅಲ್ಲಿಗೂ ನಿಲ್ಲಿಸಲಿಲ್ಲ. ಮೆಕ್ಯಾನಿಕ್ ಬುದ್ಧಿ. ನಲವತ್ತು ನಿಮಿಷದ ಲೆಕ್ಕವನ್ನೂ ಹೇಳಿದೆ. ಗೇಟಿನಿಂದ ಹೊರಟರೆ ಯಾರೇ ಓಡಿಸಿದರೂ ಹದಿನಾಲ್ಕನೇ ಸಾಲಿಗೇ ಯಾಕೆ ನಿಲ್ಲುತ್ತದೆ ಎಂದು ಬೆರಳು ಮಡಿಸಿ ಮಡಿಸಿ ವಿವರಿಸಿದೆ. ಚಿಕ್ಕರಾಜುವಿಗೂ ಅಲ್ಲೇ ನಿಂತಿತು ಎಂದೆ.

ಮತ್ತೆ ಹಗ್ಗ ಹೊಸೆಯತೊಡಗಿದ್ದ ಗಂಗಣ್ಣನ ಕೈ ನಿಂತಿತು.

"ಅವ್ನಿಗೂ ಅಲ್ಲೇ ನಿಲ್ತಾ?"

"ಅಲ್ಲೇ."

ಅವತ್ತು ತೇಜಸ್ವಿನಿಯ ಎದುರಿಗೆ ತೆರೆದು ಮುಚ್ಚಿಕೊಂಡಿದ್ದ ಬಾಯನ್ನು ಈಗ ತೆರೆದ.

"ನಾನು ನಮ್ ಕೂಸೇ ನಿಲ್ಲುಸ್ತೈತೆ ಅಂದ್ಕಂಡಿದ್ದೆ ಅಯ್ನೋರೆ. ಕುರಿ ಹೊಡ್ಕಂಡ್ ಹೋಗೋವಾಗ ಹಿಂದ್ಲಿಂದ ಬಂದು ಪಂಚೆ ಹಿಡ್ಕಂಡ್ ಜಗ್ಗೋಳು, ಕುಂತ್ಕಳಪ್ಪಾ ಅಂತ. ಗಾಡಿ ಅಲ್ಲಿಗೇ ಬಂದ್ ನಿಂತಾಗ, ಓ ಜಗ್ತಾವ್ಳೆ ಅಂದ್ಕಂತಿದ್ದೆ. ನೀವ್ ಬರೋಗಂಟ ಮಾತಾಡ್ತಾ ಕೂತ್ಕಂತಿದ್ದೆ. ಮನೇಗ್ ಬಂದು ಇವ್ಳಿಗೂ ಹೇಳ್ತಿದ್ದೆ, ಇವತ್ತೂ ನಿಲ್ಲುಸ್ಕಂಡ್ಲು ಕಣೇ ಅಂತ." ನನ್ನ ಮುಖ ನೋಡಿ ಕೇಳಿದ. "ಅಂಗಾರೆ ಅವ್ಳಲ್ವಾ?"

"ಇರಬಹುದು ಗಂಗಣ್ಣ. ಯಾರಿಗೆ ಗೊತ್ತು, ಎಲ್ಲ ನಾವು ತಿಳಿದ ಹಾಗೇ ಇರಲ್ಲ," ಎಂದು ಏನೇನೋ ತೊದಲಿದೆ. ಅವನು ನನ್ನನ್ನು ಸಮಾಧಾನ ಮಾಡುವವನ ಹಾಗೆ ಮೊಣಕಾಲು ಮುಟ್ಟಿದ.

"ಬುಡಿ ಅಯ್ನೋರೆ. ನೀವು ಬಿಚ್ ನೋಡ್ದೋರು. ನಿಮಗ್ ಗೊತ್ತಿರ್ತೈತೆ."

ರಂಗಕ್ಕ ಗೋಡೆಯ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ತವರು ಆಂಧ್ರದ ಗಡಿಯಾಚೆ. ಸಂಕಟ ಬಂದಾಗ ಅವಳಿಗೆ ತೆಲುಗೇ ಬಾಯಿಗೆ ಬರುವುದು. "ಎಂದುಕು ಚೆಪ್ಪಿನಾವು ಸಾಮಿ?" ಎಂದಳು. ಯಾಕೆ ಹೇಳಿದೆ ಎಂದು ಕೇಳುತ್ತಿದ್ದಳು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಬೈಕಿನ ಕಡೆ ನಡೆದೆ.

ಶನಿವಾರ ನಾನೂ ಗೇಟಿನ ಹತ್ತಿರ ಹೋಗಿ ನಿಂತಿದ್ದೆ. ಯಾರೂ ಕರೆದಿರಲಿಲ್ಲ. ರಂಗಕ್ಕ ತಂಬಿಟ್ಟು, ಬಳೆ, ಒಂದು ಗೌನು ಕಟ್ಟಿಕೊಂಡು ಬಂದಿದ್ದಳು. ಪಾಸಿನಲ್ಲಿ ಸಂಜೆ ಐದರವರೆಗೆ ಎಂದಿತ್ತು. ಮೊದಲೆಲ್ಲ ಗಾಡಿ ನಿಂತಾಗ ಗಂಗಣ್ಣ ಆ ಕಲ್ಲಿನ ಮುಂದೆ ಮೂರು ಗಂಟೆ ಅಲುಗಾಡದೆ ಕೂರುತ್ತಿದ್ದುದನ್ನು ಬಲ್ಲವನು ನಾನು. ಹಾಗಾಗಿ ಸಂಜೆಯವರೆಗೂ ಕಾಯುವ ಲೆಕ್ಕದಲ್ಲೇ ಹೋಗಿದ್ದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಗಂಗಣ್ಣ ಒಬ್ಬನೇ ವಾಪಸ್ ಬಂದ. ರಂಗಕ್ಕ ಇನ್ನೂ ಅಲ್ಲೇ ಇದ್ದಾಳೆ, ಅಳ್ತಾವ್ಳೆ ಎಂದ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತು ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

"ಯಾಕಣ್ಣ ಇಷ್ಟು ಬೇಗ ಬಂದೆ?" ಎಂದೆ.

"ಕಲ್ಲು ನೋಡ್ದೆ ಅಯ್ನೋರೆ," ಎಂದ. "ಇನ್ನೇನೈತೆ ಅಲ್ಲಿ."